ನನ್ನ ಕಾರಿನ ಇಂಧನ ನನ್ನ ಗಂಡನಲ್ಲ

ವಾಹನ ನೋಂದಣಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿ ನನಗೆ ಮದುವೆ ಮಾಡಿಸಿದೆ. ವರನ ಹೆಸರು ಅನಿಲ್. ಆರು ವರ್ಷ ಈ ವಿಷಯವನ್ನು ಮನೆಯೊಳಗೇ ಇಟ್ಟುಕೊಂಡಿದ್ದೆ. ಈಗ ನನ್ನ ಕಾರಿನ ನೋಂದಣಿ ನವೀಕರಿಸಬೇಕಾದರೆ ಅವರಿಂದ ನನಗೆ ವಿಚ್ಛೇದನವಾದ ಆದೇಶವನ್ನೋ, ಅವರ ಮರಣ ಪ್ರಮಾಣಪತ್ರವನ್ನೋ ತರಬೇಕೆಂದು ನಿಮ್ಮ ಸಿಬ್ಬಂದಿ ಹೇಳಿರುವುದರಿಂದ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಅನಿಲ್ ಎಂಬ ಮನುಷ್ಯ ಇಲ್ಲ. ಅದು ನನ್ನ ಕಾರು ಓಡುವ ಗ್ಯಾಸು.

ನಾನು ಜೀವನ್ ಬಿಮಾ ನಗರದಲ್ಲಿ ಅಮ್ಮನ ಜೊತೆ ಇರುವವಳು. ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಕರೆದು ಹದಿನೆಂಟು ವರ್ಷ ಹೊಸ್ತಿಲಲ್ಲೇ ನಿಲ್ಲಿಸಿಕೊಂಡಿರುವ ಮನೆ ಇನ್ನೊಂದಿರಲಾರದು. ಆ ಪತ್ರ ಬೇರೆ ಇಲಾಖೆಗೆ, ಬೇರೆ ದಿನ. ಅಮ್ಮ ಸೀತಾಲಕ್ಷ್ಮಿಗೆ ಎಪ್ಪತ್ತೆಂಟು. ಸಂಧಿವಾತದಿಂದ ಅವಳ ಮಂಡಿ ಮಡಚುವುದಿಲ್ಲ. ವಾರಕ್ಕೆ ಎರಡು ಸಲ ಹಲಸೂರಿಗೆ ಫಿಸಿಯೋಥೆರಪಿಗೆ ಹೋಗಬೇಕು. ಆಟೋ ಹತ್ತಲಾರಳು. ಟ್ಯಾಕ್ಸಿ ಹತ್ತುವುದಕ್ಕೆ ಎಂಟು ನಿಮಿಷ ಬೇಕು, ಅಷ್ಟು ಹೊತ್ತು ಗೊಣಗದೆ ಕಾಯುವ ಟ್ಯಾಕ್ಸಿ ಈ ಊರಿನಲ್ಲಿ ನನಗಿನ್ನೂ ಸಿಕ್ಕಿಲ್ಲ.

ಹಾಗಾಗಿ ಶಿವಾಜಿನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಕಲೀಮುಲ್ಲಾ ಅವರ ಹಳೇ ಕಾರು ನೋಡಲು ಹೋದೆ. ಆಗಲೇ ಒಂಬತ್ತು ವರ್ಷ ಓಡಿತ್ತು. ಕಂಪನಿಯವರೇ ಗ್ಯಾಸ್ ಟ್ಯಾಂಕ್ ಕೂರಿಸಿ ಮಾರಿದ್ದ ಗಾಡಿ. ಅತಿಥಿ ಉಪನ್ಯಾಸಕಿಗೆ ಪೆಟ್ರೋಲು ದೂರದ ಶ್ರೀಮಂತ ನೆಂಟನಿದ್ದಂತೆ, ಗ್ಯಾಸು ಸರಿ. ಆದರೆ ಡಿಕ್ಕಿ ತುಂಬ ಆ ಟ್ಯಾಂಕೇ ಕೂತಿತ್ತು. ಅಮ್ಮನ ವಾಕರ್ ಎಲ್ಲಿಡುವುದು? ಬೇಡವೆಂದು ಹೇಳುವವಳಿದ್ದೆ. ಅಷ್ಟರಲ್ಲಿ ಅವರು ಮುಂದಿನ ಬಾಗಿಲು ತೆಗೆದರು. ಸೀಟಿನ ಕೆಳಗೆ ಮರದ ಹಲಗೆ ಕೊಟ್ಟು ನಾಲ್ಕು ಬೆರಳು ಎತ್ತರಿಸಿದ್ದರು.

“ನಮ್ಮ ಅಮ್ಮೀಗೂ ಮಂಡಿದೇ ತೊಂದ್ರೆ ಮೇಡಂ. ಅವ್ರಿಗೋಸ್ಕರ ಮಾಡಿದ್ದು. ಅವ್ರು ಹೋದ್ಮೇಲೆ ಇಲ್ಲಿ ಯಾರೂ ಕೂತಿಲ್ಲ. ನಿಮ್ಮ ಅಮ್ಮಾನ ಒಂದ್ಸಲ ಕೂರಿಸಿ, ಆಮೇಲೆ ಮಾತಾಡೋಣ.”

ಅಮ್ಮ ಬೆನ್ನು ತಿರುಗಿಸಿ ನಿಂತಳು, ಹಾಗೇ ಹಿಂದಕ್ಕೆ ಒರಗಿದಳು, ಕೂತೇಬಿಟ್ಟಳು. ಅಲ್ಲಿಗೆ ವ್ಯಾಪಾರ ಮುಗಿಯಿತು. ವಾಕರ್ ಹಿಂದಿನ ಸೀಟಿನ ಕಾಯಂ ಪ್ರಯಾಣಿಕನಾಯಿತು. ಕೀಲಿಕೈ ಕೊಡುವಾಗ ಕಲೀಮುಲ್ಲಾ ಒಂದೇ ಕಿವಿಮಾತು ಹೇಳಿದರು. “ಬೆಳಿಗ್ಗೆ ಎರಡು ನಿಮಿಷ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ್ಮೇಲೆ ಸ್ವಿಚ್ ಒತ್ತಿ ಗ್ಯಾಸಿಗೆ ಹಾಕಿ. ಎದ್ದ ತಕ್ಷಣ ಕೆಲಸ ಹೇಳಿದ್ರೆ ಯಾರು ಕೇಳ್ತಾರೆ? ಅದಕ್ಕೂ ಚಾಯ್ ಬೇಕಲ್ವಾ.”

ಯಂತ್ರದ ಬಗ್ಗೆ ಇಷ್ಟು ದಾಕ್ಷಿಣ್ಯ ಇಟ್ಟುಕೊಂಡವರಿಂದ ಕಾರು ಕೊಂಡು ನಾನು ನಿಮ್ಮ ಕಚೇರಿಗೆ ಬಂದೆ.

ಅಲ್ಲಿ ನಾನು ಮಾಡಿದ ಎರಡು ಅಪರಾಧಗಳನ್ನು ಒಪ್ಪಿಕೊಳ್ಳುತ್ತೇನೆ. ಅರ್ಜಿಯಲ್ಲಿ ‘ತಂದೆ/ಪತಿಯ ಹೆಸರು’ ಎಂಬ ಅಂಕಣವನ್ನು ಖಾಲಿ ಬಿಟ್ಟೆ. ತಂದೆ ತೀರಿಕೊಂಡಿದ್ದರು, ಪತಿ ಒದಗಿರಲಿಲ್ಲ. ನಲವತ್ತೆರಡು ವರ್ಷದ ಹೆಂಗಸು ಸ್ವಂತ ದುಡಿಮೆಯಲ್ಲಿ ಹಳೇ ಕಾರು ಕೊಳ್ಳಲು ಗಂಡಸೊಬ್ಬನ ಹೆಸರು ಏಕೆ ಎಂಬ ಸಣ್ಣ ಹಟವೂ ಇತ್ತು. ಎರಡನೆಯದು, ‘ಇಂಧನ’ ಎಂಬಲ್ಲಿ ಕನ್ನಡದಲ್ಲಿ ‘ಅನಿಲ’ ಎಂದು ಬರೆದೆ. ಕೌಂಟರಿನ ಮೇಲೆ ‘ಕನ್ನಡದಲ್ಲೇ ವ್ಯವಹರಿಸಿ’ ಎಂಬ ಫಲಕ ತೂಗುತ್ತಿತ್ತು, ನಂಬಿಬಿಟ್ಟೆ. ಕಾವ್ಯ ಓದುವವರಿಗೆ ಖಾಲಿ ಜಾಗವೂ ಒಂದು ಅರ್ಥ. ನಿಮ್ಮ ಗಣಕಯಂತ್ರಕ್ಕೆ ಅದು ತಡೆದುಕೊಳ್ಳಲಾಗದ ಅವಮಾನ.

ಹಳೆಯ ಪುಸ್ತಕದಿಂದ ಹೊಸ ಕಾರ್ಡಿಗೆ ವಿವರ ಏರಿಸುತ್ತಿದ್ದ ಗುಮಾಸ್ತರು ಗಾಜಿನ ಆಚೆಯಿಂದ ಕೇಳಿದರು:

“ಪೆಟ್ರೋಲ್ ತಾನೆ ಮೇಡಂ?”

“ಅಲ್ಲ, ಅನಿಲ.”

ಅವರು ತಲೆಯೆತ್ತಿ ನನ್ನನ್ನು ನೋಡಿ, ನಾನು ನಾಚಿಕೊಂಡಿದ್ದೇನೆಂದು ಭಾವಿಸಿದರೋ ಏನೋ, ಮೆಲ್ಲಗೆ ನಕ್ಕು ಟೈಪ್ ಮಾಡಿದರು. ತಿಂಗಳ ಮೇಲೆ ಕಾರ್ಡು ಅಂಚೆಯಲ್ಲಿ ಬಂತು. ಇಂಧನ: ಪೆಟ್ರೋಲ್. ಪತಿ: ಅನಿಲ್.

ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. “ಇಪ್ಪತ್ತು ವರ್ಷ ಜಾತಕ ಹಿಡ್ಕೊಂಡು ಅಲೆದೆನಲ್ಲೇ ವಿದ್ಯಾ! ಇಷ್ಟು ಸುಲಭ ಅಂತ ಗೊತ್ತಿದ್ದಿದ್ರೆ ಮೊದಲೇ ಅಲ್ಲಿಗೆ ಹೋಗ್ತಿದ್ವಿ.”

ತಿದ್ದಿಸಲು ಬಂದೆ. “ಇರಲಿ ಬಿಡಿ ಮೇಡಂ, ಗಂಡನ ಹೆಸರು ಗಾಡಿ ಓಡ್ಸುತ್ತಾ?” ಎಂದು ಅದೇ ಗುಮಾಸ್ತರು ವಾಪಸು ಕಳಿಸಿದರು. ಓಡಿಸುತ್ತದೆ ಸ್ವಾಮಿ, ಈ ಒಂದು ದಾಂಪತ್ಯದಲ್ಲಿ ನಿಜಕ್ಕೂ ಅದೇ ಓಡಿಸುತ್ತದೆ, ಎಂದು ಹೇಳಬೇಕಿತ್ತು. ಕ್ಲಾಸಿಗೆ ಹೊತ್ತಾಗಿತ್ತು, ಬಂದುಬಿಟ್ಟೆ.

ಅಂದಿನಿಂದ ಕಾರು ನಮ್ಮ ಮನೆಯ ಅಳಿಯನಾಯಿತು. ನಮ್ಮ ಕಡೆ ಗ್ಯಾಸ್ ಬಂಕುಗಳು ಒಂದೊಂದಾಗಿ ಮುಚ್ಚಿ, ದೊಡ್ಡನೆಕ್ಕುಂದಿಯವರೆಗೆ ಹೋಗಿ ಆಟೋಗಳ ಸಾಲಿನಲ್ಲಿ ನಿಲ್ಲಬೇಕಾಯಿತು. ತಿರುಗಿ ಬಂದರೆ ಅಮ್ಮನ ಮೊದಲ ಪ್ರಶ್ನೆ, “ಅಳಿಯಂದಿರ ಊಟ ಆಯ್ತಾ?” ದೊಮ್ಮಲೂರು ಮೇಲ್ಸೇತುವೆ ಏರುವಾಗ ಕಾರು ಸ್ವಲ್ಪ ತಿಣುಕಿದರೆ, “ಪಾಪ, ಅತ್ತೆ ಭಾರ ಜಾಸ್ತಿಯಾಯ್ತು.” ಆರು ವರ್ಷ ಒಂದು ಹಲಸೂರಿನ ಪಯಣವೂ ತಪ್ಪಲಿಲ್ಲ. ಎಷ್ಟು ಗಂಡಂದಿರ ಬಗ್ಗೆ ಹೀಗೆ ಹೇಳಬಹುದು?

ಈ ವರ್ಷ ಕಾರಿಗೆ ಹದಿನೈದು ತುಂಬಿತು. ನವೀಕರಣದ ತಪಾಸಣೆಗೆ ತಂದೆ. ನಿಮ್ಮ ಇನ್‌ಸ್ಪೆಕ್ಟರು ಬ್ರೇಕು, ದೀಪ, ಹೊಗೆ ಎಲ್ಲವನ್ನೂ ನೋಡಿ ಮೆಚ್ಚಿದರು. ಆಮೇಲೆ ಡಿಕ್ಕಿ ತೆಗೆದರು.

“ಏನ್ರೀ ಇದು ಟ್ಯಾಂಕು? ಕಾರ್ಡಲ್ಲಿ ಪೆಟ್ರೋಲ್ ಅಂತಿದೆ.”

“ಅನಿಲ ಅಂತಲೂ ಇದೆ, ಮೇಲಿನ ಸಾಲಿನಲ್ಲಿ.”

“ಅದು ನಿಮ್ಮ ಯಜಮಾನ್ರ ಹೆಸರಲ್ವಾ?”

“ಅಲ್ಲ ಸರ್. ಡಿಕ್ಕಿಯಲ್ಲಿರೋದೇ ಅವರು.”

ಅವರು ಡಿಕ್ಕಿ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಕಾರ್ಡು ತಿದ್ದಿಸಿ, ಇಲ್ಲವೇ ಟ್ಯಾಂಕ್ ಬಿಚ್ಚಿಸಿ ಎಂದು ಬರೆದುಕೊಟ್ಟರು. ತಿದ್ದುಪಡಿಯ ಕೌಂಟರಿನಲ್ಲಿ ನಡೆದದ್ದು ಇಷ್ಟು.

“ಗಂಡನ ಹೆಸರು ತೆಗೀಬೇಕು ಅಂದ್ರೆ ಡೈವೋರ್ಸ್ ಆರ್ಡರ್ ಬೇಕು.”

“ನನಗೆ ಗಂಡ ಇಲ್ಲ.”

“ಅಯ್ಯೋ, ಮೊದಲೇ ಹೇಳಬಾರದಾ? ಹಂಗಾದ್ರೆ ಡೆತ್ ಸರ್ಟಿಫಿಕೇಟ್ ತನ್ನಿ.”

“ಹಾಗಲ್ಲ. ನನಗೆ ಮದುವೇನೇ ಆಗಿಲ್ಲ.”

“ಅದಕ್ಕೆ ಪ್ರೂಫ್ ಏನಿದೆ?”

ಹದಿನೆಂಟು ವರ್ಷ ಭಾಷೆ ಕಲಿಸಿದ್ದೇನೆ. ‘ಇಲ್ಲ’ ಎಂಬ ಒಂದು ಪದಕ್ಕೆ ಇಷ್ಟು ಆಳವಿದೆ ಎಂದು ಗೊತ್ತಿರಲಿಲ್ಲ. ಆಗದೇ ಇದ್ದದ್ದಕ್ಕೆ ಪುರಾವೆ ಎಲ್ಲಿಂದ ತರಲಿ? ಯಾವ ಛತ್ರದವರು ಬರೆದುಕೊಡುತ್ತಾರೆ, ಇಂಥ ದಿನ ಇವರ ಮದುವೆ ನಮ್ಮಲ್ಲಿ ನಡೆಯಲಿಲ್ಲ ಎಂದು? ಹಳಗನ್ನಡದಲ್ಲಿ ಅನಿಲನೆಂದರೆ ಗಾಳಿ, ವಾಯುದೇವ. ಪುರಾಣಗಳ ಪ್ರಕಾರ ಅವನಿಗೆ ಗದೆ ಹಿಡಿದ ಇಬ್ಬರು ಗಂಡುಮಕ್ಕಳು. ನಾಳೆ ನಿಮ್ಮ ಕಚೇರಿ ಆ ವಾರಸುದಾರರ ಒಪ್ಪಿಗೆ ಪತ್ರವನ್ನೂ ಕೇಳಲಿ. ಅವರು ನಿಮ್ಮ ಕೌಂಟರಿಗೆ ಬರುವ ದಿನ ನಾನು ಖಂಡಿತ ರಜೆ ಹಾಕಿ ನೋಡಲು ಬರುತ್ತೇನೆ.

ಗೇಟಿನಾಚೆ ಮರದ ಕೆಳಗೆ ಕೂರುವ ಏಜೆಂಟ್ ಕೇದಾರ್ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. “ತಲೆ ಕೆಡಿಸ್ಕೋಬೇಡಿ ಮೇಡಂ. ಅನಿಲ್ ಅವರನ್ನ ಸಾಯಿಸ್ಬಿಡೋಣ. ಒಂದು ಅಫಿಡವಿಟ್, ನಿಮ್ಮದೊಂದು ಸೈನ್. ನಾಳಿದ್ದಿಗೆ ನೀವು ವಿಧವೆ, ಆಚೆ ವಾರ ಕಾರ್ಡು.” ನಿಮ್ಮ ಇಲಾಖೆಯಲ್ಲಿ ನನ್ನ ಕೆಲಸ ಆಗುತ್ತದೆಂದು ದಿನಾಂಕ ಹೇಳಿದವನು ಅವನೊಬ್ಬನೇ.

ಹೇಳಿಬಿಡುತ್ತೇನೆ: ಸಹಿ ಹಾಕುವ ಆಸೆ ಆಯಿತು. ನೋಂದಣಿಯ ಅವಧಿ ಮುಗಿದು ಆರು ವಾರವಾಗಿದೆ, ಕಾರು ಗೇಟಿನೊಳಗೆ ಧೂಳು ತಿನ್ನುತ್ತಿದೆ. ಅಮ್ಮನಿಗೆ ಹನ್ನೆರಡು ಸಲದ ಫಿಸಿಯೋಥೆರಪಿ ತಪ್ಪಿದೆ. ಮೊದಲು ವಾಕರ್ ಹಿಡಿದು ಬೀದಿಯ ತಿರುವಿನ ಹೊಂಗೆ ಮರ ಮುಟ್ಟಿ ಬರುತ್ತಿದ್ದವಳು, ಆಮೇಲೆ ಗೇಟಿನವರೆಗೆ ಎಂದಳು, ಈಗ ಬಾಗಿಲವರೆಗೆ. ನಿಮ್ಮ ಕಡತದಲ್ಲಿ ಇದಕ್ಕೆ ಅಂಕಣವಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಕೇದಾರನ ಉಪಾಯವನ್ನು ಅಮ್ಮನಿಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಕಿಟಕಿಯಿಂದ ಕಾರನ್ನೇ ನೋಡುತ್ತ, “ಸುಳ್ಳು ಸಾವು ಬರೆದುಕೊಡಬೇಡ ಕಣೇ. ಗೊಣಗದೆ ನನ್ನ ಕೂರಿಸ್ಕೊಂಡು ಹೋದೋನು ಅವನೊಬ್ಬನೇ” ಎಂದಳು.

ಆದ್ದರಿಂದ ಸಹಿ ಹಾಕುವುದಿಲ್ಲ, ಟ್ಯಾಂಕೂ ಬಿಚ್ಚಿಸುವುದಿಲ್ಲ. ನನ್ನ ಬೇಡಿಕೆ ಮೂರೇ ಅಕ್ಷರದ್ದು. ಅ, ನಿ, ಲ. ಅವನ್ನು ಗಂಡನ ಅಂಕಣದಿಂದ ಎತ್ತಿ ಒಂದು ಸಾಲು ಕೆಳಗೆ, ಇಂಧನದ ಅಂಕಣದಲ್ಲಿ ಇಡಿ. ಮೇಲಿನ ಅಂಕಣ ಖಾಲಿಯಾಗಿ ಕಾಣುತ್ತದೆಂದು ನಿಮ್ಮವರು ಹೆದರಬಹುದು. ಹೆದರಬೇಡಿ. ನಲವತ್ತೆಂಟು ವರ್ಷದಿಂದ ಅದು ಖಾಲಿಯೇ ಇದೆ, ಏನೂ ಆಗಿಲ್ಲ. ಬರುವ ಮಂಗಳವಾರ ಹತ್ತೂವರೆಗೆ ನಿಮ್ಮ ಕೊಠಡಿಯ ಮುಂದೆ ಇರುತ್ತೇನೆ. ಅಮ್ಮನಿಗೆ ಹಲಸೂರಿನಲ್ಲಿ ಹನ್ನೊಂದೂಮುಕ್ಕಾಲಿಗೆ ಸಮಯ ಕೊಟ್ಟಿದ್ದಾರೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಶ್ರೀಮತಿ ಅನಿಲ್,
ಮನೆಯಲ್ಲಿ ಇನ್ನೂ ಬರೀ ಶ್ರೀವಿದ್ಯಾ
ಜೀವನ್ ಬಿಮಾ ನಗರ