ಹೊಲಿಗೆ ಮಷೀನಿನ ಮೇಲಿನ ಕಣ್ಣು

ಪೋತ್ನಾಳ
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನ ಕೂಸು ನೇತ್ರಾವತಿಗೆ,

ನಿನ್ನವ್ವನ ಹರಕೆ ಸದಾ ನಿನ್ನ ತಲೆಯ ಮೇಲಿರಲಿ. ಫೋನು ಇರುವಾಗ ಅವ್ವ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಸಕ್ಕರೆ ಹತೋಟಿಯಲ್ಲಿದೆ, ಗುಳಿಗೆ ತಪ್ಪಿಸಿಲ್ಲ. ನಿನ್ನ ಫೋನಿನಲ್ಲಿ ಆಡಿದ ಮಾತೆಲ್ಲ ತಾನಾಗಿ ರೆಕಾರ್ಡ್ ಆಗುವಂತೆ ಅಳಿಯಂದಿರು ಮಾಡಿಟ್ಟಿದ್ದಾರೆ. ಅಂಗಡಿಯಲ್ಲಿ ಕುಳಿತು ಬರೆದರೆ ನೀನು ರಾಯಚೂರಿನಿಂದಲೇ ನೋಡಿ, “ಏನ್ ಬರಿಯಾಕತ್ತೀಬೇ?” ಎಂದು ಗೋಡೆಯ ಕ್ಯಾಮೆರಾದೊಳಗಿಂದ ಕೇಳುತ್ತೀ. ಅದಕ್ಕೇ ಪಕ್ಕದ ಗುಲ್ಶನ್ ಬೇಗಂ ಮನೆಯ ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಮಗಳಿಗೆ ಕದ್ದು ಕಾಗದ ಬರೆಯುವ ಹಾಗಾಯಿತು.

ನಾನು ಹೊಸ ಸಾಮಾನುಗಳ ವೈರಿಯಲ್ಲ ಎಂಬುದು ನಿನಗೆ ಗೊತ್ತು. ಬೆನ್ನಿನ ಮೇಲೆ ಎಲೆಯ ಆಕಾರದ ಕಿಂಡಿ ಇಟ್ಟು ಬ್ಲೌಸ್ ಹೊಲಿಯುವುದನ್ನು ಮೊಬೈಲಿನಲ್ಲಿ ನೋಡಿಯೇ ಕಲಿತೆ. ಮಾನ್ವಿಯಿಂದಲೂ ಹುಡುಗಿಯರು ಅದಕ್ಕಾಗಿ ಹುಡುಕಿಕೊಂಡು ಬರುತ್ತಾರೆ. ಬೇಸಿಗೆಯಲ್ಲಿ ನಾನು ಮಷೀನಿನ ಮುಂದೆಯೇ ಕಣ್ಣು ಕತ್ತಲೆ ಬಂದು ಬಿದ್ದಾಗ ನೀನು ಓಡಿ ಬಂದು ಅತ್ತೆಯಲ್ಲ, ಆ ಅಳುವಿನಿಂದಲೇ ಈ ಕ್ಯಾಮೆರಾ ಬಂತು. ಪ್ರೀತಿಯಿಂದ ಬಂದದ್ದು. ಅದರಲ್ಲಿ ಅನುಮಾನವಿಲ್ಲ. ಅಳಿಯಂದಿರು ತಮ್ಮ ಅಂಗಡಿಯಲ್ಲಿ ಮಾರುವುದರಲ್ಲೇ ಚೆನ್ನಾದದ್ದನ್ನು ಆರಿಸಿ ತಂದರು. “ಅತ್ತೀ, ಇದು ನೋಡೂದಷ್ಟ ಅಲ್ಲ, ಕೇಳ್ತದ, ಮಾತಾಡ್ತದ” ಎಂದು ಹಿಗ್ಗಿನಿಂದ ತೋರಿಸಿದರು. ಹೊರಗೆ ಶಟರಿನ ಮೇಲೆ ಹಾಕಿರಿ ಎಂದು ಕೇಳಿಕೊಂಡೆ. “ಹೊರಗ ಹಾಕಿದ್ರ ನೀವು ಬಿದ್ದದ್ದು ನಮಗ ಹ್ಯಾಂಗ ಕಾಣ್ತದ್ರಿ?” ಎಂದರು. ಮಷೀನಿನ ಮೇಲಿನ ಗೋಡೆಗೇ ಕೂಡಿಸಿ ಹೋದರು.

ಮೊದಮೊದಲು ನಿನ್ನ ದನಿ ಕೇಳಿ ಸಂತೋಷವೇ ಆಗುತ್ತಿತ್ತು. ಆದರೆ ನಮ್ಮ ಅಂಗಡಿಗೆ ಹೆಂಗಸರು ಬರುವುದು ಅಳತೆ ಕೊಡುವುದಕ್ಕಷ್ಟೇ ಅಲ್ಲ, ನೇತ್ರಾ. ಮನೆಯಲ್ಲಿ ಆಡಲಾಗದ್ದನ್ನು ಇಲ್ಲಿ ಆಡಿ ಹೋಗುತ್ತಾರೆ. ಒಂದು ಮಧ್ಯಾಹ್ನ ಒಬ್ಬಾಕೆ ಗಂಡನ ಕುಡಿತದ ಸಂಗತಿ ಹೇಳಿಕೊಂಡು ಅಳುತ್ತಿದ್ದಾಗ ಗೋಡೆಯೊಳಗಿಂದ, “ಯವ್ವಾ, ಊಟ ಆತಾ?” ಎಂದು ನೀನು ಕೇಳಿದೆ. ಅವಳು ಎದ್ದು ಹೋದವಳು ಬಟ್ಟೆ ಒಯ್ಯಲೂ ಬರಲಿಲ್ಲ. ಗುಲ್ಶನ್ ಬೇಗಂ ಸೀರೆಗೆ ಫಾಲ್ ಹಚ್ಚುತ್ತ ದಿನವೆಲ್ಲ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳಲ್ಲ, ಈಗ ಸೀರೆ ಮನೆಗೆ ಒಯ್ಯುತ್ತಾಳೆ. ಯಾಕೆಂದು ಕೇಳಿದ್ದಕ್ಕೆ, “ಅಕ್ಕಾ, ನಿಮ್ಮ ಅಂಗಡ್ಯಾಗ ಅತ್ತರ ಜೀವಕ್ಕ ಹಗುರ ಆಗ್ತಿತ್ರಿ. ಈಗ ಇಲ್ಲಿ ಅತ್ತರ ರಾಯಚೂರಾಗ ಕಾಣ್ತದ” ಎಂದಳು. ಬೇಸಿಗೆಯಲ್ಲಿ ಬಿದ್ದವಳನ್ನು ಎತ್ತಿ ಸಕ್ಕರೆ ನೀರು ಕುಡಿಸಿದ್ದು ಅವಳೇ. ಈಗ ಬಿದ್ದರೆ ನೀನು ನೋಡುತ್ತೀ, ಎತ್ತಲು ಯಾರೂ ಹತ್ತಿರ ಇರುವುದಿಲ್ಲ.

ಒಮ್ಮೆ ಕ್ಯಾಮೆರಾದ ಮೇಲೆ ಅರಿವೆ ಹಾಕಿದೆ. ತಕ್ಷಣ ನಿನ್ನ ಫೋನು ಬಂತು, “ಕತ್ತಲ ಬಂತಲ್ಲಬೇ, ಏನಾತು?” ಎಂದು. ಇನ್ನೊಮ್ಮೆ ಸ್ವಿಚ್ಚೇ ತೆಗೆದೆ. ಅಳಿಯಂದಿರ ಗೆಳೆಯ ಆಂಜನೇಯ ಬೈಕು ಹತ್ತಿ ಬಂದು ನಿಂತ. ನಮ್ಮೂರಲ್ಲಿ ಅವರ ಪರವಾಗಿ ಕ್ಯಾಮೆರಾ ಕೂಡಿಸುವವನು ಅವನೇ ತಾನೆ. “ನಿಮ್ಮ ಮಗಳು ಅಳಾಕತ್ತಾಳ್ರಿ” ಎನ್ನುತ್ತ ತಾನೇ ಸ್ವಿಚ್ಚು ಹಾಕಿ ಹೋದ. ನೀನು ಅಳುತ್ತೀ ಎಂದರೆ ನಾನೇನು ಮಾಡಲಿ? ಅವತ್ತಿನಿಂದ ಸುಮ್ಮನಾದೆ. ನನ್ನ ಅಂಗಡಿಯಲ್ಲಿ ನಾನೇ ಕಳ್ಳಿಯ ಹಾಗೆ ತಲೆ ತಗ್ಗಿಸಿ ಮಷೀನು ತುಳಿಯುತ್ತೇನೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಈಗ ಆಗಿರುವುದನ್ನು ಸಮಾಧಾನದಿಂದ ಓದು.

ಆ ಆಂಜನೇಯನ ಅಣ್ಣನ ಹೆಂಡತಿ ಸವಿತಾ, ದೇವದುರ್ಗದ ಕಡೆಯ ಹುಡುಗಿ. ಹೋದ ವಾರ ಅಳತೆಗೆ ಬಂದಳು. ಅಂಗಡಿಯಲ್ಲಿ ನಾವಿಬ್ಬರೇ. ತೋಳಿಗೆ ಟೇಪು ಹಿಡಿದಿದ್ದಾಗ ಮೆಲ್ಲಗೆ, “ಯವ್ವಾ, ಎರಡು ಹೆಣ್ಣಾಗ್ಯಾವ. ಗಂಡು ಆಗೋತನಕ ಬಿಡಂಗಿಲ್ಲ ಅಂತಾಳ ಅತ್ತಿ. ನನ್ನ ಮೈಯಾಗ ತ್ರಾಣ ಇಲ್ಲ. ಆಸ್ಪತ್ರ್ಯಾಗ ಬಸುರಾಗಲಾರದಂಗ ವಂಕಿ, ಅದ ಕಾಪರ್-ಟಿ, ಹಾಕಿಸ್ಕೊಂಡು ಬಂದೀನಿ. ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ” ಎಂದಳು. ಅವಳ ಬಾಯಿ ಮುಚ್ಚಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಆಡಿ ಮುಗಿಸಿದ್ದಳು.

ಅವತ್ತೇ ಸಂಜೆ ನೀನು ಫೋನಿನಲ್ಲಿ, “ಆ ನೀಲಿ ಸೀರಿ ಹುಡುಗಿ ಯಾರಬೇ, ಪಾಪ” ಎಂದು ಕೇಳಿದೆ. ನೀನು ಮರುಗಿದ್ದು ನಿಜ. ಮರುಗಿ ಗಂಡನಿಗೂ ತೋರಿಸಿದೆಯಾ ಎಂದು ನಾನು ಕೇಳುವುದಿಲ್ಲ.

ಬುಧವಾರ ಅವಳ ಅತ್ತೆ ಬಂದು ನನ್ನ ಮುಖದ ಮುಂದೆ ಮೊಬೈಲು ಹಿಡಿದಳು. ಅದರಲ್ಲಿ ನನ್ನ ಮಷೀನು, ನನ್ನ ನೆತ್ತಿ, ಸವಿತಾಳ ಎತ್ತಿದ ತೋಳು, ಅವಳ ಮಾತು, ಎಲ್ಲ ಇತ್ತು. “ನಮ್ಮ ವಂಶಕ್ಕ ಕಲ್ಲು ಹಾಕಾಕ ನಿನ್ನ ಅಂಗಡಿನ ಬೇಕಾತೇನಬೇ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಹುಡುಗಿಯ ಫೋನು ಕಸಿದುಕೊಂಡು ಮನೆಯಲ್ಲಿ ಕೂಡಿಹಾಕಿದ್ದಾರೆ, ಸೋಮವಾರ ಆಸ್ಪತ್ರೆಗೆ ಒಯ್ದು ವಂಕಿ ತೆಗೆಸುತ್ತಾರಂತೆ ಎಂಬುದೂ ಅವಳ ಬಾಯಿಂದಲೇ ಬಂತು. ಸವಿತಾಳ ಗಂಡ ಹಂಪಯ್ಯ ಹಿಂದೆಯೇ ನಿಂತಿದ್ದ.

ಅಳಿಯಂದಿರಿಗೆ ಫೋನು ಮಾಡಿದೆ. ನಕ್ಕರು. “ಗೆಳ್ಯಾನ ಮನಿ ಸುದ್ದಿ ಅಂತ ಅವಂಗ ಕಳಿಸಿದ್ನ್ರಿ ಅತ್ತೀ. ಈಗಿನ ಕಾಲದಾಗ ಯಾರ ಗುಟ್ಟು ಉಳದಾವ್ರಿ? ಬಿಟ್ಟುಬಿಡ್ರಿ” ಎಂದರು. ಆ ನಗು ನನ್ನ ಕಿವಿಯಿಂದ ಹೋಗುತ್ತಿಲ್ಲ. ಅವರಿಗೆ ಅದು ಒಂದು ವಿಡಿಯೋ. ಅವಳಿಗೆ ಅದು ಸ್ವಂತ ಹೊಟ್ಟೆ.

ನಿನ್ನ ಹತ್ತಿರ ಒಂದೇ ಕೇಳುತ್ತೇನೆ. ಈ ಕ್ಯಾಮೆರಾವನ್ನು ನೀನೇ ಬಂದು ನಿನ್ನ ಕೈಯಿಂದ ಬಿಚ್ಚು. ನಾನು ಬಿಚ್ಚಿದರೆ ಮತ್ತೆ ಆಂಜನೇಯ ಬರುತ್ತಾನೆ, ಮತ್ತೆ ನೀನು ಅಳುತ್ತೀ, ನಾನು ಮತ್ತೆ ಸೋಲುತ್ತೇನೆ. ನನ್ನನ್ನು ಕಾಣಬೇಕೆನಿಸಿದರೆ ಬಸ್ಸು ಹತ್ತು. ಬಿಸಿ ರೊಟ್ಟಿ ಬಡಿದು ಹಾಕುತ್ತೇನೆ, ಎದುರಿಗೆ ಕುಳಿತು ನೋಡುವೆಯಂತೆ.

ನಿನ್ನ ಮೇಲೆ ಸಿಟ್ಟಿಲ್ಲ. ಭಯವಿದೆ. ಮಗಳಿಗೆ ಹೆದರುವ ಕಾಲ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಿನ್ನನ್ನು ಹೆತ್ತ
ಆದೆಮ್ಮ

ತಾ.ಕ.: ಈ ಕಾಗದ ನಿನ್ನ ಕೈಗೆ ಕೊಟ್ಟವಳೇ ಸವಿತಾ. ಇವತ್ತು ಬೆಳಿಗ್ಗೆ ನೀರು ತರಲಷ್ಟೇ ಹೊರಗೆ ಬಿಟ್ಟಿದ್ದರಂತೆ; ಆ ನೆಪದಲ್ಲಿ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟು ಇಲ್ಲಿಗೆ ಬಂದಳು. ಗುಲ್ಶನ್ ಬೇಗಂ ತನ್ನ ಬುರ್ಖಾ ತೊಡಿಸಿ ಅವಳನ್ನು ಬಸ್ಸಿಗೆ ಹತ್ತಿಸುತ್ತಾಳೆ. ತವರಿಗೆ ಹೋದರೆ ಇವರು ಮೊದಲು ಅಲ್ಲಿಗೇ ಓಡುತ್ತಾರೆ. ನಿನ್ನ ಮನೆಯಲ್ಲಿ ಯಾರೂ ಹುಡುಕುವುದಿಲ್ಲ. ಗುಲ್ಶನ್ ಫೋನಿನಿಂದ ಸುದ್ದಿ ಮುಟ್ಟಿಸಿದ್ದೇವೆ, ನಾಳೆ ಮಧ್ಯಾಹ್ನ ಅವಳ ಅವ್ವ ತಿಮ್ಮವ್ವ ದೇವದುರ್ಗದಿಂದ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ರಾಯಚೂರಿಗೆ ಬರುತ್ತಾಳೆ. ಅಳಿಯಂದಿರು ಮಾಲು ತರಲು ಹೈದರಾಬಾದಿಗೆ ಹೋದವರು ಭಾನುವಾರ ಬರುತ್ತಾರೆಂದು ನೀನೇ ಹೇಳಿದ್ದೆ. ಆದರೂ ನಿನ್ನ ಪಡಸಾಲೆಯಲ್ಲೂ ಹಾಕಿರುವ ಕ್ಯಾಮೆರಾದಲ್ಲಿ ಅವರಿಗೆ ಅಲ್ಲಿಂದಲೂ ಎಲ್ಲ ಕಾಣುತ್ತದೆ. ಮೊದಲು ಅದನ್ನು ಆಫ್ ಮಾಡು ಮಗಳೇ. ಆಮೇಲೆ ಅವಳನ್ನು ಒಳಗೆ ಕರೆ. ಮಕ್ಕಳು ಹಸಿದಿರುತ್ತವೆ.