ತುಳಸಕ್ಕನ ಇನ್ನೊಂದು ಹೆಸರು

ಕಾಕಾ,

ನಿನ್ನೆ ಕೆಟ್ಟ ಕನಸು ಬಿತ್ತು. ನಮ್ಮೂರ ಹೊಳೆ ತುಂಬಿತ್ತು. ಆಚೆ ದಂಡೆಯಿಂದ ಇಬ್ಬರು ಹೆಂಗಸರು ದೋಣಿ ಕರೆಯುತ್ತಿದ್ದರು. ದೋಣಿಯಲ್ಲಿ ಒಬ್ಬರಿಗಷ್ಟೇ ಜಾಗ. ನೀನು ಮೆಟ್ಟಿಲ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದೆ. ಎದ್ದಾಗಿನಿಂದ ಜೀವಕ್ಕೆ ಸಮಾಧಾನವಿಲ್ಲ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವನ ಕಾಗದ, ತಪ್ಪಿದ್ದರೆ ತಿದ್ದಿಕೊಂಡು ಓದು.

ಭಾಂಡುಪಿನ ಚಾಳಿನಲ್ಲಿ ರವಿವಾರ ದಾಡಿ ಮಾಡಿಕೊಳ್ಳುತ್ತ ನೀನು ಊರಿನ ದೊಡ್ಡವರ ಹೆಸರು ಹೇಳಿಸುತ್ತಿದ್ದದ್ದು ನೆನಪಿದೆಯೇ? ನಾನು ವಕೀಲರಿಂದ ಶುರು ಮಾಡಿದರೆ ಕನ್ನಡಿಯಲ್ಲೇ ಗದರುತ್ತಿದ್ದೆ. "ವಕೀಲ ಏನ್ ಹೊಳಿ ದಾಟಿಸ್ಯಾನೇನಲೇ? ಮೊದಲ ನಮ್ಮ ಓಣಿ ಮಗಳು ತುಳಸಕ್ಕನ ಹೆಸರ ಹೇಳು." ಅಂಬಿಗ ಗಂಡ ಜ್ವರದಲ್ಲಿ ಮಲಗಿದ್ದಾಗ, ಮಹಾಪೂರದಲ್ಲಿ ತಾನೇ ಹುಟ್ಟು ಹಿಡಿದು ಕೆಳಗಿನ ಓಣಿಯವರನ್ನೆಲ್ಲ ದಾಟಿಸಿದವಳು. ನನ್ನ ಅವ್ವನ ಹೆರಿಗೆ ಮಾಡಿಸಿದ್ದೂ ಅವಳೇ ಅಂತೆ. "ಮದುವ್ಯಾಗ ಹೆಸರ ಬದಲ ಮಾಡಿದ್ರು, ನನಗ ಮಾತ್ರ ಆಕಿ ತುಳಸಕ್ಕನಽ," ಎನ್ನುತ್ತಿದ್ದೆ. ಬದಲಾದ ಹೆಸರನ್ನೂ ಹೇಳಿದ್ದೆ. ಆಗ ನಾನು ಮನಸ್ಸಿಟ್ಟು ಕೇಳಿದ್ದರೆ...

ಈಗ ಮಾಟುಂಗದಲ್ಲಿ ನಮ್ಮೂರವರು ಸೇರಿ ಊರಿನ ದೊಡ್ಡವರ ಪುಸ್ತಕ ಮಾಡುತ್ತಿದ್ದಾರೆ. ನೀನಿಲ್ಲವಲ್ಲ, ನನ್ನನ್ನು ಕೇಳಿದರು. ತುಳಸಕ್ಕನ ಕಥೆ ಹೇಳಿ ಬಂದೆ. ಹೋದ ರವಿವಾರ ಹೋಗಿ ನೋಡಿದರೆ, ಅವಳ ಪುಟದ ಮುಂದಿನ ಪುಟದಲ್ಲೇ, ತಮ್ಮ ಹೆಸರು ಹೇಳದೆ ಬೇರೆ ಯಾರೋ ಬರೆಸಿದ್ದು: "ಸೂಲಗಿತ್ತಿ ಗಂಗವ್ವ, ಅಂಬಿಗರ ಮನೆಯ ಸೊಸೆ."

"ಇಬ್ಬರಲ್ರೀ, ಒಬ್ಬಾಕಿನಽ," ಅಂದೆ.

ಪುಸ್ತಕ ನೋಡಿಕೊಳ್ಳುವ ಮಾಸ್ತರು ಕನ್ನಡಕ ಏರಿಸಿದರು. "ಖಾತ್ರಿ ಐತೇನಪಾ? ನಾಳೆ ಬಿಟ್ಟು ಮುಂದಿನ ಸೋಮವಾರ ಅಚ್ಚಿಗೆ ಹೋಗತೈತಿ."

"ಕಾಕಾ ಹೇಳ್ಯಾನ್ರಿ."

"ಅಂವಾ ಹೇಳಿದ್ಮ್ಯಾಲೆ ಮುಗೀತು," ಎಂದು ಗಂಗವ್ವನ ಪುಟಕ್ಕೆ ಗೀಟು ಎಳೆದರು. "ಜಾಗಾ ಖಾಲಿ ಬಿಡೂದ್ಯಾಕ? ನಿಮ್ಮ ಕಾಕಾನ್ನ ಹಾಕೂಣು. ಊರೆಲ್ಲ ಬಾಯಾಗ ಇಟಗೊಂಡಿದ್ದ."

ಹೌದು ಕಾಕಾ, ಪುಸ್ತಕದಲ್ಲಿ ನೀನಿದ್ದೀಯ. ವಕೀಲರ ಸಾಲಿನಲ್ಲೇ.

ಲೋಕಲ್ ರೈಲು ಹತ್ತುವಾಗ ಎದೆಯುಬ್ಬಿತ್ತು. ಕುರ್ಲಾ ದಾಟುವಷ್ಟರಲ್ಲಿ ಅನುಮಾನ ಹತ್ತಿತು. ನೀನು ಹೇಳಿದ್ದು ಗಂಗವ್ವ ಎಂದೋ, ನೀಲವ್ವ ಎಂದೋ? ಆ ಮನೆಗೆ ಸೊಸೆಯರು ಇಬ್ಬರಿದ್ದರಲ್ಲವೇ? ನೀಲವ್ವ ಎಂದಿದ್ದರೆ ಗಂಗವ್ವ ಬೇರೆಯವಳೇ. ಆ ಬಡವಿಯನ್ನು ಊರಿನಿಂದಲೇ ಅಳಿಸಿ, ಅವಳ ಜಾಗದಲ್ಲಿ ನಿನ್ನನ್ನು ಕೂಡಿಸಿ ಬಂದಿದ್ದೇನೆ. ಅದು ನಿನಗೆ ಸೇರುತ್ತದೆಯೇ? ಇಲ್ಲಿ ಬಲ್ಲವರು ಯಾರೂ ಉಳಿದಿಲ್ಲ. ಊರಿಗೆ ಬರೆದರೆ ಉತ್ತರ ಬರುವಷ್ಟರಲ್ಲಿ ಅಚ್ಚಾಗಿಹೋಗುತ್ತದೆ.

ನಿನಗಿಂತ ಮೊದಲೇ ಹೋದ ತುಳಸಕ್ಕ ಅಲ್ಲೇ ಎಲ್ಲಾದರೂ ಇದ್ದಾಳು. ಸೋಮವಾರದೊಳಗೆ, ಗಂಡನ ಮನೆಯಲ್ಲಿ ಇಟ್ಟ ಹೆಸರು ಯಾವುದೆಂದು ಅವಳನ್ನೇ ಇನ್ನೊಮ್ಮೆ ಕೇಳಿ ನೋಡು.