ಬಿಚ್ಚಬಾರದ ರೋಬೋಟು ಮತ್ತು ಅಜ್ಜಿಯ ಚಹಾ ಕಪ್ಪು

ಶಾಲಾ ತಂತ್ರಜ್ಞಾನ ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ, ಒಂದು ಬಹಿರಂಗ ಪತ್ರ

ಮಾನ್ಯರೇ,

ಹತ್ತು ವರ್ಷದ ನನ್ನ ಮಗಳನ್ನು ನಿಮ್ಮ ಇಲಾಖೆ ಅವಳ ಶಾಲೆಯ ತಂತ್ರಜ್ಞಾನ ಕೂಟದಿಂದ ಒಂದು ವರ್ಷ ಹೊರಗಿಟ್ಟಿದೆ. ಅವಳು ಮಾಡಿದ ಅಪರಾಧ, ತಂತ್ರಜ್ಞಾನ ಕಲಿತದ್ದು. ನನ್ನ ಮಾತು ಅತಿಯಾಯಿತು ಎನಿಸಿದರೆ ನಿಮ್ಮದೇ ಆದೇಶ ಓದಿ: "ಇಲಾಖೆ ಅನುಮೋದಿಸಿದ ಕಲಿಕಾ ಸಾಧನದ ಮುದ್ರೆಯನ್ನು ಒಡೆದು, ವಿದ್ಯಾರ್ಥಿನಿಯು ಒಳಭಾಗವನ್ನು ವೀಕ್ಷಿಸಿರುತ್ತಾಳೆ." ವೀಕ್ಷಿಸಿರುತ್ತಾಳೆ! ಕದ್ದಿದ್ದಾಳೆ ಎಂದಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. ಒಳಗೇನಿದೆ ಎಂದು ನೋಡಿದ್ದಕ್ಕೆ ತಲೆ ತಗ್ಗಿಸುವುದು ಹೇಗೆಂದು ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಕ್ಷೌರಿಕ. ಬೇರೆಯವರ ತಲೆ ತಗ್ಗಿಸುವುದು ನನ್ನ ದಿನನಿತ್ಯದ ಕೆಲಸ. ನನ್ನದನ್ನು ತಗ್ಗಿಸಿ ಅಷ್ಟು ರೂಢಿಯಿಲ್ಲ.

ತಪ್ಪು ಶುರುವಾದದ್ದು ನನ್ನಿಂದಲೇ. ವರ್ಷದ ಆರಂಭದಲ್ಲಿ ನಿಮ್ಮ ಸುತ್ತೋಲೆ ಬಂತು. "ಮಗುವಿನ ವಯಸ್ಸು, ಆಸಕ್ತಿ, ಮನೋಧರ್ಮಗಳನ್ನು ಗಮನಿಸಿ ಪೋಷಕರು ಎಲೆಕ್ಟ್ರಾನಿಕ್ಸ್ ಮತ್ತು ಕೋಡಿಂಗ್ ಕಲಿಕೆಯ ಮೊದಲ ಸಾಧನವನ್ನು ಮುಕ್ತವಾಗಿ ಆಯ್ದುಕೊಳ್ಳತಕ್ಕದ್ದು." ಇಂಥ ಸರ್ಕಾರಿ ಔದಾರ್ಯ ಕಂಡು ನನಗೆ ಕಣ್ಣು ತುಂಬಿ ಬಂತು. ಆ ಭರದಲ್ಲಿ ಕೆಳಗಿನ ಸಾಲನ್ನು ಓದಲಿಲ್ಲ. ಆಯ್ದುಕೊಳ್ಳಲು ಅಲ್ಲಿದ್ದದ್ದು ಒಂದೇ ಸಾಧನ. ಊಟಕ್ಕೆ ಕರೆದು, ಬೇಕಾದ್ದು ಕೇಳಿ ಎಂದು, ತಟ್ಟೆಗೆ ಇದ್ದದ್ದನ್ನೇ ಬಡಿಸುವ ಮನೆಗಳುಂಟು. ಆದರೆ ಅವರು ಅದನ್ನು ಸುತ್ತೋಲೆಯಲ್ಲಿ ಬರೆಯುವುದಿಲ್ಲ.

ಮುಕ್ತವಾಗಿ ಎಂಬ ಮಾತನ್ನು ನಿಜವೆಂದು ನಂಬಿದ ನಾನು ಸಲೂನಿನ ಕುರ್ಚಿಯಲ್ಲಿ ಕೂತವರನ್ನೆಲ್ಲ ಕೇಳಿದೆ. ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ವಕೀಲರು ಹೇಳಿದರು: "ಬಣ್ಣಬಣ್ಣದ ಚೌಕ ಎಳೆದು ಜೋಡಿಸೋದೆಲ್ಲ ಕೋಡಿಂಗೇ ಅಲ್ಲ ಕಣ್ರೀ. ಮೊದಲ ದಿನದಿಂದಲೇ ಟೈಪ್ ಮಾಡಿ ಬರೆಯೋದು ಕಲಿಸಿ."

"ನಿಮಗೆ ಬರುತ್ತಾ ಸಾರ್?"

"ನಂಗೆಲ್ಲಿ ಬರುತ್ತೆ!"

ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಒಬ್ಬರು, ಕಾಲೇಜು ಹುಡುಗಿಯ ತಂದೆ, ಕೋಡಿಂಗೇ ಬೇಡ ಎಂದರು. ಬ್ಯಾಟರಿ, ಬಲ್ಬು, ತಂತಿ ಕೊಟ್ಟು ಕೂರಿಸಿದರೆ ಸಾಕಂತೆ. ವಕೀಲರು ಎದ್ದು ನಿಂತು ವಾದಿಸಿದರು. ಕೈಯಲ್ಲಿ ಕತ್ತಿ ಹಿಡಿದಿದ್ದವನು ನಾನು ಮಾತ್ರವಾದ್ದರಿಂದ ವಿಷಯ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ನಿಮ್ಮ ಸಾಧನ ಮನೆಗೆ ಬಂತು. ಬಿಳಿ ಪ್ಲಾಸ್ಟಿಕ್ಕಿನ, ಬುರುಡೆ ತಲೆಯ ರೋಬೋಟು. ಹೊಟ್ಟೆಯ ಮೇಲೆ ಇಲಾಖೆಯ ಸ್ಟಿಕ್ಕರು, ಬೆನ್ನ ಮೇಲೆ "ಬಿಚ್ಚಬಾರದು" ಎಂಬ ಮುದ್ರೆ. ದುಡ್ಡು ನಮ್ಮದು, ಒಳಭಾಗ ಇಲಾಖೆಯದು. ಮನೆಯಲ್ಲಿ ನಾವೆಲ್ಲ ತರ್ಲೆ ಎಂದು ಕರೆಯುವ ನನ್ನ ಮಗಳು ಅದಕ್ಕೆ ಎಡಕ್ಕೆ ತಿರುಗು ಎಂದು ಸೂಚನೆ ಕೊಟ್ಟಳು. ಅದು ಎಡಕ್ಕೆ ತಿರುಗಿ, "ಶಭಾಷ್! ನೀನು ಜಾಣೆ!" ಎಂದಿತು. ಮಗಳು ಹಿಗ್ಗಿದಳು. ಮರುಕ್ಷಣ ಅವಳಿಗೆ ಏನನ್ನಿಸಿತೋ, ನೇರ ಗೋಡೆಗೆ ಹೋಗಿ ಗುದ್ದುವಂತೆ ಸೂಚನೆ ಕೊಟ್ಟಳು. ಅದು ಗುದ್ದಿತು, ಮಗುಚಿ ಬಿತ್ತು, ಬಿದ್ದಲ್ಲಿಂದಲೇ "ಶಭಾಷ್! ನೀನು ಜಾಣೆ!" ಎಂದಿತು.

"ಅಪ್ಪಾ, ನಾನು ಬೇಕಂತಲೇ ತಪ್ಪು ಮಾಡ್ದೆ. ಇದಕ್ಕೆ ಗೊತ್ತೇ ಆಗಲ್ವಲ್ಲ."

"ಪಾಪ, ಒಳ್ಳೇ ಸ್ವಭಾವದ್ದಿರಬೇಕು ಬಿಡೆ."

"ಹಾಗಾದ್ರೆ ಸರಿ ಮಾಡಿದಾಗ ಹೇಳಿದ್ದೂ ಸುಳ್ಳೇ ಇರಬೋದು."

ಅವತ್ತೇ ರೋಬೋಟು ಅಟ್ಟ ಸೇರಿತು. ನಿರ್ದೇಶಕರೇ, ನಿಮ್ಮ ತಜ್ಞರ ಸಮಿತಿ ಈ ಸಾಧನವನ್ನು ಆರಿಸುವಾಗ ಒಂದೇ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡಿತ್ತೇ? ಅಥವಾ ಸಮಿತಿಯ ಸದಸ್ಯರನ್ನೂ ಅದು ಇದೇ ಮಾತಿನಿಂದ ಹೊಗಳಿತೇ?

ಮುಂದಿನ ಭಾನುವಾರ ನನ್ನ ತಂಗಿ ಬಂದಳು. ಅವಳು ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದಾಳೆ. ಅಣ್ಣನ ಮಗಳ ಸಪ್ಪೆ ಮುಖ ನೋಡಿ, ಹೊಸಬರಿಗೆ ಕಲಿಸಲು ತಾನು ಬಳಸಿ ಬಿಟ್ಟಿದ್ದ ಒಂದು ಪುಟ್ಟ ಬೋರ್ಡನ್ನು ಚೀಲದಿಂದ ತೆಗೆದುಕೊಟ್ಟಳು. ಅಂಗೈಯಷ್ಟೂ ಅಗಲವಿಲ್ಲ. ಎರಡು ಗುಂಡಿ, ಸಾಲು ಸಾಲು ಪುಟಾಣಿ ದೀಪ, ತಂತಿ ಸಿಕ್ಕಿಸಲು ತೂತುಗಳು. ಕಂಪ್ಯೂಟರಿನಲ್ಲಿ ಚೌಕ ಜೋಡಿಸಿಯೂ ಬರೆಯಬಹುದು, ಆಮೇಲೆ ಬೇಕಾದರೆ ಟೈಪ್ ಮಾಡಿಯೂ ಬರೆಯಬಹುದು.

"ಸುಟ್ಟುಹೋದ್ರೆ ಅತ್ತೆ?"

"ಸುಟ್ರೆ ಸುಡ್ಲಿ ಬಿಡೆ. ಯಾಕೆ ಸುಟ್ಟಿತು ಅಂತ ಗೊತ್ತಾಗುತ್ತಲ್ಲ."

ಮೊದಲ ಸಾಧನವನ್ನು ಆರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಇನ್ನೂ ಸಿಕ್ಕಿಲ್ಲ. ಮಗು ಹೆದರದೆ ಹಾಳು ಮಾಡಬಹುದಾದದ್ದು ಮಗುವಿಗೆ ಒಗ್ಗುತ್ತದೆ. ಈ ಬೋರ್ಡು ಯಾರನ್ನೂ ಜಾಣೆ ಎನ್ನುವುದಿಲ್ಲ. ತಂತಿ ತಪ್ಪಿದರೆ ಸುಮ್ಮನೆ ಕೂರುತ್ತದೆ. ಆ ಮೌನವೇ ಅವಳನ್ನು ಕೆಣಕಿತು.

ಇನ್ನು ನಮ್ಮಮ್ಮನ ವಿಷಯ. ಕಣ್ಣು ಮಂಜಾಗಿ ಈಗ ಬೆಳಕು ನೆರಳಷ್ಟೇ ತಿಳಿಯುತ್ತದೆ. ಆದರೂ ತನ್ನ ಚಹಾ ತಾನೇ ಬಗ್ಗಿಸಿಕೊಳ್ಳಬೇಕೆಂಬ ಹಠ. ಕಪ್ಪು ತುಂಬಿತೋ ಇಲ್ಲವೋ ತಿಳಿಯಲು ಕಪ್ಪಿನೊಳಗೆ ಬೆರಳಿಡುತ್ತಾಳೆ. ಕುದಿಯುವ ಚಹಾ ಬೆರಳಿಗೆ ಮುಟ್ಟಿದರೆ ತುಂಬಿತೆಂದು ಅರ್ಥ. ಬೆರಳ ತುದಿ ಯಾವಾಗಲೂ ಕೆಂಪಗೆ ಬೊಬ್ಬೆ. ನಾವು ಬಗ್ಗಿಸಿ ಕೊಡುತ್ತೇವೆಂದರೆ, "ನಾನೇನು ಅಷ್ಟೊಂದು ಕೈಲಾಗದವಳಾ?" ಎಂದು ರೇಗುತ್ತಾಳೆ. ತರ್ಲೆ ಇದನ್ನು ನೋಡುತ್ತಲೇ ಇದ್ದಳು. ಒಂದು ದಿನ ನನ್ನ ಸಲೂನಿನಿಂದ ಎರಡು ಸ್ಟೀಲ್ ಕ್ಲಿಪ್ಪು ಒಯ್ದು, ಕುದಿಸಿ, ಪಿಂಗಾಣಿ ಕಪ್ಪಿನ ಅಂಚಿಗೆ ಸಿಕ್ಕಿಸಿ, ತಂತಿಯಿಂದ ಬೋರ್ಡಿಗೆ ಜೋಡಿಸಿದಳು. ಚಹಾ ಎರಡು ಕ್ಲಿಪ್ಪಿಗೂ ಮುಟ್ಟಿದೊಡನೆ ಬೋರ್ಡಿನ ದೀಪಗಳೆಲ್ಲ ಝಗ್ಗನೆ ಹೊತ್ತಿಕೊಂಡವು. ನಾನೂ ಹೆಂಡತಿಯೂ ಚಪ್ಪಾಳೆ ತಟ್ಟಿದೆವು.

"ಏನಾಯ್ತು?" ಎಂದಳು ಅಮ್ಮ.

"ದೀಪ ಹತ್ತಿತು ಅಜ್ಜಿ!"

"ಹತ್ತಿದ್ರೆ ನಂಗೆಲ್ಲೇ ಕಾಣುತ್ತೆ, ಪೆದ್ದಿ!"

ಮೂವರೂ ಪೆಚ್ಚಾದೆವು. ಸದ್ದು ಬೇಕಿತ್ತು, ಬೋರ್ಡಿಗೆ ಬಾಯಿಲ್ಲ. ಮನೆಯಲ್ಲಿ ಬಾಯಿ ಇದ್ದು ಕೆಲಸವಿಲ್ಲದೆ ಕೂತಿದ್ದದ್ದು ಅಟ್ಟದ ಮೇಲಿನ ರೋಬೋಟು. ತರ್ಲೆ ನನ್ನ ಮುಖ ನೋಡಿದಳು. ನಾನು ಹೆಂಡತಿಯ ಮುಖ ನೋಡಿದೆ. "ಬಿಚ್ಚೋ ಮೊದ್ಲು ಫೋಟೋ ತಗೊಳ್ಳೇ, ವಾಪಸ್ ಜೋಡಿಸೋಕೆ ಬೇಕಾಗುತ್ತೆ," ಎಂದಳು ಅವಳು. ಹೀಗೆ, ಮಾನ್ಯರೇ, ಇಡೀ ಸಂಸಾರ ಸೇರಿ ನಿಮ್ಮ ಮುದ್ರೆ ಒಡೆಯಿತು. ಶಿಕ್ಷೆ ಮಾತ್ರ ಎಲ್ಲರಿಗಿಂತ ಚಿಕ್ಕವಳಿಗೆ.

ರೋಬೋಟಿನ ಸ್ಪೀಕರನ್ನು ಬೋರ್ಡಿಗೆ ಜೋಡಿಸಿದ ಹೊಸ ಯಂತ್ರ ಮೊದಲು ಹಬೆಗೇ ಕಿರುಚಿತು. ಕ್ಲಿಪ್ಪುಗಳು ಒತ್ತೊತ್ತಾಗಿದ್ದವು, ನಡುವೆ ಹನಿ ಕೂತುಬಿಡುತ್ತಿತ್ತು. ಅವಳು ಅಳುಮೋರೆ ಹಾಕಿದಳು, ಯೋಚಿಸಿದಳು, ಒಂದನ್ನು ಕಪ್ಪಿನ ಆಚೆ ಬದಿಗೆ ಸರಿಸಿದಳು. ಆಮೇಲೆ ಉತ್ಸಾಹ ಹೆಚ್ಚಿ ರಾಗ ಹಾಕಿದಳು. "ಕಿರುಚಿದ್ರೆ ಸಾಕು ಕಣೆ, ಅದು ಹಾಡಿ ಮುಗಿಸೋಷ್ಟರಲ್ಲಿ ಟೀ ಚೆಲ್ಲುತ್ತೆ," ಎಂದಳು ಅಮ್ಮ. ಕೊನೆಗೆ ಒಂದೇ ಒಂದು ಗಟ್ಟಿ ಸದ್ದು. ಅಮ್ಮನ ಬೆರಳ ಗಾಯ ಮಾಯಿತು.

ಶಾಲೆಯ ಪ್ರದರ್ಶನಕ್ಕೆ ತರ್ಲೆ ಅಜ್ಜಿಯನ್ನೇ ಕರೆದೊಯ್ದಳು. ಸಭಾಂಗಣದ ತುಂಬ ಬಿಳಿ ರೋಬೋಟುಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಒಂದೇ ಸಲ "ನವೀಕರಣ ನಡೆಯುತ್ತಿದೆ, ದಯವಿಟ್ಟು ಕಾಯಿರಿ" ಎಂದು ಹೇಳಿ ಕಣ್ಣು ಮುಚ್ಚಿದವು. ಮಕ್ಕಳು ಕಾದರು, ಪೋಷಕರು ಕಾದರು, ಭಾಷಣಕಾರರೂ ಕಾದರು. ಆ ನಿಶ್ಶಬ್ದದಲ್ಲಿ ಮೂಲೆಯ ಮೇಜಿನಿಂದ ಒಂದು ಸದ್ದು ಬಂತು: ನಮ್ಮಮ್ಮ ಚಹಾ ಬಗ್ಗಿಸುತ್ತಿದ್ದಳು. ನಿಮ್ಮ ತಾಂತ್ರಿಕ ಪರಿಶೀಲಕರು ಧಾವಿಸಿ ಬಂದರು.

"ಇದರ ಮೇಲೆ ಇಲಾಖೆ ಸ್ಟಿಕ್ಕರ್ ಎಲ್ಲಿ?"

"ಇಲ್ಲ ಸಾರ್. ಇದು ನಮ್ಮತ್ತೆ ಕೊಟ್ಟ ಬೋರ್ಡು."

"ಮತ್ತೆ ಸೌಂಡು?"

ನನ್ನ ಮಗಳಿಗೆ ಸುಳ್ಳು ಬರುವುದಿಲ್ಲ. "ನಿಮ್ಮ ರೋಬೋಟಿನ ಹೊಟ್ಟೆಯಿಂದ ತೆಗೆದಿದ್ದು ಸಾರ್. ನಿಮಗೆ ತೋರಿಸಲಾ, ಹೇಗೆ ಅಂತ?"

"ಯಾರಪ್ಪ ಬಂದಿರೋದು? ತಗೋ, ಟೀ ಕುಡಿ," ಎಂದು ಅಮ್ಮ ಕಪ್ಪು ಮುಂದೆ ಚಾಚಿದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಪರಿಶೀಲಕರು ಕುಡಿದರು. ಚೆನ್ನಾಗಿದೆ ಎಂದರು. ಕಪ್ಪು ಕೆಳಗಿಟ್ಟು, ಸ್ಪೀಕರನ್ನೂ, ಮನೆಯಿಂದ ತರಿಸಿಕೊಂಡ ರೋಬೋಟನ್ನೂ ಜಪ್ತಿ ಮಾಡಿದರು. "ನನ್ನ ಕೈಲೇನಿದೆ ಹೇಳಿ? ಎಲ್ಲಾ ಮೇಲಿಂದ ಬರೋದು," ಎಂದು ಮುಖ್ಯೋಪಾಧ್ಯಾಯಿನಿ ಮೇಲೆ ನೋಡಿದರು. ನಾನೂ ನೋಡಿದೆ. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಆಮೇಲಿನದನ್ನು ವ್ಯಂಗ್ಯವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಅಮ್ಮ ಮತ್ತೆ ಕಪ್ಪಿನೊಳಗೆ ಬೆರಳಿಟ್ಟಳು. ಮಗಳು ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಗೆ ವಾಪಸ್ ಕೊಡಿ ಎಂದಳು. "ನಂಗೆ ಇದೆಲ್ಲ ಬೇಡಪ್ಪ. ನೋಡಬಾರದ್ದನ್ನೇ ನೋಡೋ ಬುದ್ಧಿ ನಂದು," ಎಂದಳು. ಹತ್ತು ವರ್ಷದ ಮಗುವಿಗೆ ಈ ವಾಕ್ಯ ಕಲಿಸಲು ಒಂದು ಇಲಾಖೆ, ಒಂದು ಸಮಿತಿ, ಒಬ್ಬ ಪರಿಶೀಲಕರು ಬೇಕಾಯಿತೇ?

ಕಳೆದ ತಿಂಗಳು ಅವಳ ತರಗತಿಯ ಇಬ್ಬರು ಹುಡುಗಿಯರು ಸಲೂನಿನ ಬಾಗಿಲಲ್ಲಿ ಬಂದು ನಿಂತರು. ಇಬ್ಬರ ಕಂಕುಳಲ್ಲೂ ಒಂದೊಂದು ರೋಬೋಟು. ಪ್ರದರ್ಶನದ ದಿನ ಮುಚ್ಚಿದ ಕಣ್ಣುಗಳನ್ನು ಅವು ಮತ್ತೆ ತೆರೆದಿರಲೇ ಇಲ್ಲ. "ಅಂಕಲ್, ಅವಳಿದಾಳಾ? ಇದನ್ನ ಬಿಚ್ಚಿ ನೋಡ್ಬೇಕಿತ್ತು." ನಾನು ಒಳಗೆ ಕೂಗಿದೆ. ಮಗಳು ಬಂದು ಹೊಸ್ತಿಲಲ್ಲೇ ನಿಂತು ರೋಬೋಟುಗಳ ಮುಚ್ಚಿದ ಕಣ್ಣು ನೋಡಿದಳು. ಆಮೇಲೆ ಗಿರಾಕಿಗೆ ಹೊದಿಸುವ ಬಿಳಿ ಬಟ್ಟೆ ಎಳೆದುಕೊಂಡು ನೆಲಕ್ಕೆ ಹಾಸಿದಳು. "ಇದರ ಮೇಲೆ ಬಿಚ್ಚಿ. ಇಲ್ಲಾಂದ್ರೆ ಸ್ಕ್ರೂ ಕೂದಲಲ್ಲಿ ಸೇರ್ಕೊಳ್ಳುತ್ತೆ," ಎಂದಳು. ಒಂದು ರೋಬೋಟು ಎದ್ದಿತು. ಇನ್ನೊಂದು ಏಳಲಿಲ್ಲ. ಅದರ ಒಡತಿ ಸ್ಪೀಕರನ್ನು ಕಿತ್ತು ಮಗಳ ಕೈಗಿಟ್ಟಳು: "ನಿಮ್ಮಜ್ಜಿಗೆ ಕೊಡು." ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೋರ್ಡು ಹೊರಬಂತು. ಈಗ ನಮ್ಮ ಮನೆಯಲ್ಲಿ ಚಹಾ ಹೊತ್ತಿಗೆ ಮತ್ತೆ ಕಾನೂನುಬಾಹಿರ ಸದ್ದು ಕೇಳುತ್ತಿದೆ.

ನನ್ನ ಬೇಡಿಕೆ ಇಷ್ಟೇ. ನನ್ನ ಮಗಳನ್ನು ಕೂಟಕ್ಕೆ ವಾಪಸ್ ಕರೆಯಿರಿ. ಆ ಮುದ್ರೆಯನ್ನು ಎಲ್ಲ ಸಾಧನಗಳಿಂದ ಕಿತ್ತುಹಾಕಿ. ಆಯ್ಕೆ ಎಂದು ಬರೆದ ಕಡೆ ಆಯ್ಕೆ ಕೊಡಿ, ಇಲ್ಲವೇ ಆ ಪದವನ್ನಾದರೂ ಹಿಂತೆಗೆದುಕೊಳ್ಳಿ. ಇದಕ್ಕೆ ಒಪ್ಪದಿದ್ದರೆ ಪರಿಶೀಲಕರನ್ನು ನನ್ನ ಸಲೂನಿಗೆ ಕಳಿಸಿ. ಅಲ್ಲಿ ಈಗ ಪ್ರತಿ ಭಾನುವಾರ ಏಳೆಂಟು ಮಕ್ಕಳು ಅಪರಾಧ ಎಸಗುತ್ತಿದ್ದಾರೆ. ಬರುವಾಗ ಕೂರಲು ಕುರ್ಚಿ ಅವರೇ ತರಲಿ. ನನ್ನವೆಲ್ಲ ಭರ್ತಿಯಾಗಿವೆ.

ಇಂತಿ,
ಕತ್ತರಿಸಿದ ಕೂದಲಿನ ನಡುವೆ ನಿಮ್ಮ ಇಲಾಖೆಯ ಸ್ಕ್ರೂ ಹುಡುಕುತ್ತಿರುವ
ಒಬ್ಬ ಕ್ಷೌರಿಕ